ಡಿಪೋದ ಹಳದಿ ಮಾತ್ರೆ

ನೂರ ಅರವತ್ತೆಂಟು, ನೂರ ಎರಡು. ಡಾಕ್ಟರು ತೋಳಿನ ಪಟ್ಟಿ ಬಿಚ್ಚುತ್ತ ಈ ಎರಡು ಸಂಖ್ಯೆ ಹೇಳಿದಾಗ ಬ್ರೇಕಕ್ಕನಿಗೆ ಆ ಯಂತ್ರವನ್ನೇ ಎತ್ತಿ ಕಿಟಕಿಯಾಚೆ ಒಗೆದುಬಿಡಬೇಕು ಅನ್ನಿಸಿತು. ಎರಡು ವರ್ಷದಿಂದ ಹೇಳಿದ್ದೆಲ್ಲ ಕೇಳಿಕೊಂಡು ಬಂದವಳು ಅವಳು. ನುಂಗು ಅಂದದ್ದನ್ನು ನುಂಗಿದ್ದಳು, ಬಿಡು ಅಂದದ್ದನ್ನು ಬಿಟ್ಟಿದ್ದಳು, ನಡಿ ಅಂದಷ್ಟು ನಡೆದಿದ್ದಳು. ಒಂದೂವರೆ ವರ್ಷ ತೆಪ್ಪಗಿದ್ದ ಬಿಪಿ ಈ ಆರು ತಿಂಗಳಿಂದ ಯಾರ ಮಾತನ್ನೂ ಕೇಳದೆ ಏರುತ್ತಿತ್ತು.

“ಉಪ್ಪು ಬಿಟ್ಟಿದ್ದೀರಾ?” ಡಾಕ್ಟರು ಕೇಳಿದರು.

“ಬಿಟ್ಟು ಎರಡು ತಿಂಗಳಾಯ್ತು ಸರ್. ಊಟ ಮಾಡಿದ್ರೆ ಕಾಗದ ಅಗಿದಂಗಾಗುತ್ತೆ.”

“ಮಾತ್ರೆ ಮಧ್ಯೆಮಧ್ಯೆ ಮರೀತೀರಾ?”

“ಒಂದು ದಿನಾನೂ ಮರೆತಿಲ್ಲ.”

“ಬೇರೆ ಯಾವುದಾದ್ರೂ ಔಷಧಿ ತಗೊಳ್ತಿದ್ದೀರಾ?”

“ಇಲ್ಲ.”

ಇದರಲ್ಲಿ ಒಂದೇ ಒಂದು ಸುಳ್ಳೂ ಇರಲಿಲ್ಲ. ದೇವರ ಮುಂದೆ ನಿಲ್ಲಿಸಿ ಕೇಳಿದ್ದರೂ ಅದನ್ನೇ ಹೇಳುತ್ತಿದ್ದಳು.

ಬ್ರೇಕಕ್ಕ ಅನ್ನುವುದು ಡಿಪೋದವರು ಇಟ್ಟ ಹೆಸರು. ಹತ್ತೊಂಬತ್ತು ವರ್ಷದಿಂದ ಊರೊಳಗಿನ ಬಸ್ಸು ಓಡಿಸುವ ಹೆಂಗಸು. ಅವಳು ಬ್ರೇಕು ಒತ್ತಿದರೆ ನಿಂತ ಮುದುಕಿಯ ಕೈಚೀಲವೂ ಅಲುಗುವುದಿಲ್ಲ ಎಂದು ಕಂಡಕ್ಟರುಗಳು ಹೊಗಳುತ್ತಿದ್ದರು. ನಾಲಿಗೆಗೆ ಮಾತ್ರ ಬ್ರೇಕಿಲ್ಲ ಎಂದು ಬೆನ್ನ ಹಿಂದೆ ಅವರೇ ಸೇರಿಸುತ್ತಿದ್ದರು. ಅದೂ ಅವಳಿಗೆ ಗೊತ್ತಿತ್ತು. ಸ್ಟೀರಿಂಗ್ ಚಕ್ರದ ಹಿಂದೆ ಕೂತಾಗ ಇಷ್ಟು ದೊಡ್ಡ ಗಾಡಿ ತನ್ನ ಎರಡು ಕೈಯ ಮಾತು ಕೇಳುತ್ತದಲ್ಲ, ಆ ಸುಖದ ಮುಂದೆ ಯಾರ ಮಾತೂ ಅವಳಿಗೆ ತಾಗುತ್ತಿರಲಿಲ್ಲ.

ಆ ಚಕ್ರವೇ ಈಗ ಕೈತಪ್ಪುವ ಹಾಗಿತ್ತು. ಇನ್ನು ಇಪ್ಪತ್ತೈದು ದಿನಕ್ಕೆ ಬಸ್ ಕಂಪನಿಯ ವೈದ್ಯಕೀಯ ಪರೀಕ್ಷೆ. ಬಿಪಿ ನೂರ ನಲವತ್ತು ದಾಟಿದ್ದರೆ ಡ್ರೈವರನ್ನು ಸೀಟಿನಿಂದ ಇಳಿಸಿ ಗಾಡಿ ತೊಳೆಯುವ ಶೆಡ್ಡಿಗೋ ಪಾಸ್ ಕೌಂಟರಿಗೋ ಕಳಿಸುತ್ತಿದ್ದರು. ಹಾಗೆ ಹೋದವರು ಯಾರೂ ತಿರುಗಿ ಸೀಟು ಹತ್ತಿದ್ದನ್ನು ಅವಳು ಕಂಡಿರಲಿಲ್ಲ. ಅದಕ್ಕೇ ತನಗೆ ಬಿಪಿ ಇದೆ ಅನ್ನುವುದನ್ನೇ ಡಿಪೋದಲ್ಲಿ ಬಾಯಿಬಿಟ್ಟಿರಲಿಲ್ಲ. ಎರಡು ವರ್ಷದಿಂದ ತನ್ನ ಬೀದಿಯ ಈ ಡಾಕ್ಟರ ಹತ್ತಿರ ಗುಟ್ಟಾಗಿ ಔಷಧಿ ತಗೊಂಡು, ಕಂಪನಿಯ ಪರೀಕ್ಷೆಯಲ್ಲಿ ಏನೂ ಆಗದವಳ ಹಾಗೆ ತೋಳು ಚಾಚಿ ಪಾಸಾಗುತ್ತಿದ್ದಳು.

“ಒಂದು ನೀರಿನ ಮಾತ್ರೆ ಸೇರಿಸ್ತೀನಿ. ಮೈಯಲ್ಲಿರೋ ಹೆಚ್ಚಿನ ನೀರು ಹೊರಗೆ ಹೋಗುತ್ತೆ, ಒತ್ತಡ ಇಳಿಯುತ್ತೆ. ಎರಡು ವಾರ ಬಿಟ್ಟು ರಕ್ತ ಪರೀಕ್ಷೆ ಮಾಡಿಸಿ,” ಎಂದು ಡಾಕ್ಟರು ಚೀಟಿ ಬರೆದರು. ಹೊರಗೆ ಇನ್ನೂ ಹದಿನೈದು ಜನ ಕೂತಿದ್ದರು.

ಮನೆಗೆ ಬಂದರೆ ಗಂಡ ಬಾಗಿಲಲ್ಲೇ ಕಾದಿದ್ದ. ಅವನು ಮನೆಯಲ್ಲೇ ಕೂತು ಬಟ್ಟೆ ಹೊಲಿಯುವ ದರ್ಜಿ. ಅಳತೆಯ ಟೇಪು ಕೊರಳಲ್ಲಿ ಇಲ್ಲದೆ ಅವನನ್ನು ನೋಡಿದವರಿಲ್ಲ. ಹೆಂಡತಿಯ ಮುಖ ನೋಡಿಯೇ ಸಂಖ್ಯೆ ಎಷ್ಟೆಂದು ಅಂದಾಜು ಮಾಡಿಕೊಂಡ.

“ಕೋಪ ಮಾಡ್ಕೋಬೇಡ ಕಣೇ. ಕೋಪಕ್ಕೇ ಬಿಪಿ ಏರೋದು.”

“ನೀವು ಕೋಪ ಮಾಡ್ಕೋಬೇಡ ಅಂದಾಗಲೇ ರೀ ನನಗೆ ಕೋಪ ಬರೋದು.”

“ಸರಿ, ಹಾಗಾದ್ರೆ ಮಾಡ್ಕೋ.”

ಅದಕ್ಕೂ ಅವಳಿಗೆ ಸಿಟ್ಟು ಬಂತು. ಅವನ ತಪ್ಪೇನೂ ಇರಲಿಲ್ಲ ಪಾಪ. ಹೆಂಡತಿಗೆ ಉಪ್ಪಿಲ್ಲವೆಂದು ತನ್ನ ತಟ್ಟೆಗೂ ಉಪ್ಪು ಹಾಕಿಕೊಳ್ಳುವುದನ್ನು ಬಿಟ್ಟವನು. ಸಪ್ಪೆ ಊಟವನ್ನು ಎರಡು ತಿಂಗಳಿಂದ ಚೆನ್ನಾಗಿದೆ ಚೆನ್ನಾಗಿದೆ ಎಂದು ಹೇಳಿಕೊಂಡೇ ಉಣ್ಣುತ್ತಿದ್ದ. ಅಂಥವನನ್ನು ಬೈಯುವುದು ಹೇಗೆ? ಬೈಯಲಾಗದ್ದೇ ಅವಳಿಗೆ ಇನ್ನೊಂದು ಉರಿ.

ಆ ನೀರಿನ ಮಾತ್ರೆ ಬರೆದ ಪುಣ್ಯಾತ್ಮ ಒಂದು ದಿನವಾದರೂ ಬಸ್ಸು ಓಡಿಸಿದ್ದರೆ ಬರೆಯುತ್ತಿದ್ದನೋ ಇಲ್ಲವೋ. ನುಂಗಿದ ಗಂಟೆಯೊಳಗೆ ಮೂತ್ರಕ್ಕೆ ಅವಸರ. ಅವಳ ರೂಟಿನ ಈ ತುದಿಯಲ್ಲಿ ಶೌಚಾಲಯಕ್ಕೆ ಬೀಗ, ಆ ತುದಿಯಲ್ಲಿ ಶೌಚಾಲಯವೇ ಇಲ್ಲ. ಗಂಡಸರಿಗೆ ಯಾವುದಾದರೂ ಗೋಡೆ ಸಿಗುತ್ತದೆ. ಅವಳು ಎಲ್ಲಿಗೆ ಹೋಗಬೇಕು? ಐವತ್ತು ಜನ ಹಿಂದೆ ಕೂತಿರುವಾಗ, ಸಿಗ್ನಲ್ಲಿನಲ್ಲಿ ಹಲ್ಲು ಕಚ್ಚಿ ಕೂತು, ಎರಡು ದಿನ ನರಕ ಕಂಡಳು. ಮೂರನೆಯ ದಿನ ತಾನೇ ಒಂದು ದಾರಿ ಹುಡುಕಿದಳು: ಬೆಳಗಿನಿಂದ ಪಾಳಿ ಮುಗಿಯುವವರೆಗೆ ನೀರು ಕುಡಿಯುವುದನ್ನೇ ಬಿಟ್ಟಳು. ಮಾತ್ರೆಯೂ ತಪ್ಪಲಿಲ್ಲ, ಅವಸರವೂ ತಪ್ಪಿತು. ತನ್ನ ಜಾಣತನಕ್ಕೆ ತಾನೇ ಬೆನ್ನು ತಟ್ಟಿಕೊಂಡಳು. ರಕ್ತ ಪರೀಕ್ಷೆಯ ಚೀಟಿ ಮಾತ್ರ ಚೀಲದಲ್ಲೇ ಉಳಿಯಿತು. ಲ್ಯಾಬು ತೆರೆಯುವ ಹೊತ್ತಿಗೆ ಅವಳು ಎರಡನೇ ಟ್ರಿಪ್ಪಿನಲ್ಲಿರುತ್ತಿದ್ದಳು.

ನೀರು ಬಿಟ್ಟದ್ದಕ್ಕೆ ಮಧ್ಯಾಹ್ನವಾದರೆ ತಲೆ ಸಿಡಿಯತೊಡಗಿತು. ತಲೆನೋವಿನ ಜೊತೆಗೆ ಬೆನ್ನುನೋವು ಮೊದಲೇ ಇತ್ತು. ಆರು ತಿಂಗಳ ಹಿಂದೆ ಅವಳ ಹಳೆಯ ಗಾಡಿ ಗುಜರಿಗೆ ಹೋಗಿ, ಬೇರೆ ಡಿಪೋದಲ್ಲಿ ಓಡಿ ಸವೆದ ಗಾಡಿಯೊಂದು ಅವಳ ಪಾಲಿಗೆ ಬಂದಿತ್ತು. ಇಂಜಿನ್ನು ಪರವಾಗಿಲ್ಲ. ಸೀಟು ಮಾತ್ರ ಎಡಕ್ಕೆ ಕುಸಿದು, ಒಳಗಿನ ಕಂಬಿ ಸೊಂಟದ ಮೂಳೆಗೇ ಒತ್ತುತ್ತಿತ್ತು. ದಿಂಬು ಇಟ್ಟರೆ ಕಾಲು ಕ್ಲಚ್ಚಿಗೆ ಎಟುಕುವುದಿಲ್ಲ. ದಿಂಬು ತೆಗೆದರೆ ಕಂಬಿ. ಎಂಟು ಗಂಟೆ ಹಾಗೇ ಕೂರಬೇಕು.

ಆದರೂ ಹೇಗೆ ಕೂರುತ್ತಿದ್ದಳೆಂದರೆ, ಅದಕ್ಕೆ ಡಬ್ಬಿ ಮಾಮ ಇದ್ದರು. ಡಬ್ಬಿ ಮಾಮ ಎಂದರೆ ಡಿಪೋದ ಸ್ಟೋರು ನೋಡಿಕೊಳ್ಳುವ ಹಿರಿಯರು. ಬೆಳಗ್ಗೆ ಐದೂವರೆಗೆ ಡ್ರೈವರುಗಳು ಗಾಡಿಯ ಕೀಲಿ ಪಡೆಯಲು ಸ್ಟೋರಿನ ಕಿಟಕಿಗೆ ಬಂದರೆ ಮಾಮ ಒಂದು ಕೈಯಲ್ಲಿ ಕೀಲಿ ಕೊಡುತ್ತಿದ್ದರು, ಇನ್ನೊಂದು ಕೈಯಲ್ಲಿ ತಗಡಿನ ಡಬ್ಬಿಯಿಂದ ಒಂದು ಹಳದಿ ಮಾತ್ರೆ ತೆಗೆದು ಅಂಗೈಗೆ ಇಡುತ್ತಿದ್ದರು. ಪಕ್ಕದಲ್ಲಿ ಚಹಾದ ಕೆಟಲ್ಲು. ಮಾತ್ರೆ ಬಾಯಿಗೆ, ಚಹಾ ಗಂಟಲಿಗೆ, ಕಾಲು ಗಾಡಿಗೆ. ಇಡೀ ಡಿಪೋದಲ್ಲಿ ಅದನ್ನು ಮಾತ್ರೆ ಎಂದು ಯಾರೂ ಕರೆಯುತ್ತಿರಲಿಲ್ಲ. “ಹಳದಿ ಆಯ್ತಾ?” ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಿದ್ದರು, ತಿಂಡಿ ಆಯ್ತಾ ಎಂದು ಕೇಳುವ ಹಾಗೆಯೇ. ಔಷಧಿ ಎಂದರೆ ಡಾಕ್ಟರು ಚೀಟಿಯಲ್ಲಿ ಬರೆದದ್ದು. ಹಳದಿ ಎಂದರೆ ಡ್ಯೂಟಿಯ ಒಂದು ಭಾಗ, ಟಯರಿನ ಗಾಳಿ ನೋಡಿದ ಹಾಗೆ. ಮೊದಲೆಲ್ಲ ಅಪರೂಪಕ್ಕೊಮ್ಮೆ ತಗೊಳ್ಳುತ್ತಿದ್ದ ಬ್ರೇಕಕ್ಕನಿಗೆ ಆ ಕುಸಿದ ಸೀಟು ಬಂದ ಮೇಲೆ ದಿನವೂ ಬೇಕಾಯಿತು. ಈಗ ತಲೆನೋವೂ ಸೇರಿಕೊಂಡದ್ದಕ್ಕೆ ಮಧ್ಯಾಹ್ನಕ್ಕೆಂದು ಇನ್ನೊಂದನ್ನು ಕೇಳಿ ಪಡೆಯತೊಡಗಿದಳು.

“ತಗೋ ತಾಯಿ, ಎರಡು ತಗೋ. ನಿನ್ನ ಸೀಟು ನೋಡಿದ್ರೆ ನನಗೇ ಸೊಂಟ ನೋಯುತ್ತೆ,” ಎನ್ನುತ್ತಿದ್ದರು ಮಾಮ.

ಹತ್ತು ದಿನದ ಮೇಲೆ ಮತ್ತೆ ತೋಳು ಚಾಚಿದಳು. ನೂರ ಎಪ್ಪತ್ತಾರು. ಎರಡು ಬಗೆಯ ಮಾತ್ರೆ ನುಂಗಿ, ಉಪ್ಪು ಬಿಟ್ಟು, ಬಾಯಾರಿಕೊಂಡು ಬಸ್ಸು ಓಡಿಸಿದ್ದಕ್ಕೆ ಎಂಟು ಹೆಚ್ಚು. ಡಾಕ್ಟರು ಈ ಸಲ ಅವಳ ಮುಖವನ್ನೇ ಅನುಮಾನದಿಂದ ನೋಡಿದರು. “ನಿಜ ಹೇಳಿ, ಉಪ್ಪಿನಕಾಯಿ, ಹಪ್ಪಳ ಏನಾದ್ರೂ ಕದ್ದು ತಿಂತಿದ್ದೀರಾ?” ಎಂದರು. ಐವತ್ತೊಂದು ವರ್ಷದ ಹೆಂಗಸನ್ನು ಬೆಣ್ಣೆ ಕದ್ದ ಮಗುವಿನ ಹಾಗೆ ಕೇಳಿದ್ದಕ್ಕೆ ಅವಳ ಕಣ್ಣಲ್ಲಿ ನೀರು ಬಂತು. ಅತ್ತದ್ದಲ್ಲ ಅದು, ಬರೀ ಸಿಟ್ಟು. ಪರೀಕ್ಷೆಗೆ ಹದಿನೈದು ದಿನ ಉಳಿದಿತ್ತು.

ಆ ಭಾನುವಾರ ಅವಳಿಗೆ ರಜೆ. ರಜೆಯ ದಿನಕ್ಕೆಂದು ಮಾಮ ಕಾಗದದಲ್ಲಿ ಸುತ್ತಿ ಎರಡು ಹಳದಿ ಕೊಟ್ಟಿದ್ದರು. ಒಂದು ಬೆಳಗ್ಗೆಯೇ ಖರ್ಚಾಗಿತ್ತು. ನೀರಿನ ಮಾತ್ರೆ ತರಲು ಔಷಧಿ ಅಂಗಡಿಗೆ ಹೋದವಳು, ಹೇಗೂ ಬಂದಿದ್ದೇನಲ್ಲ ಎಂದು ಉಳಿದ ಒಂದನ್ನು ಕೌಂಟರಿನ ಮೇಲಿಟ್ಟು, “ಇಂಥದ್ದೂ ಒಂದು ಹತ್ತು ಕೊಡಮ್ಮ,” ಎಂದಳು.

ಅಂಗಡಿಯಾಕೆ ಕನ್ನಡಕ ಏರಿಸಿಕೊಂಡು ಮಾತ್ರೆಯ ಮೇಲೆ ಒತ್ತಿದ ಅಕ್ಷರ ಓದಿದಳು. ಆಮೇಲೆ ಬಿಪಿಯ ಚೀಟಿ ನೋಡಿದಳು. ಮತ್ತೆ ಮಾತ್ರೆ ನೋಡಿದಳು.

“ಈ ಚೀಟಿ ಯಾರದು?”

“ನಂದು.”

“ಈ ಮಾತ್ರೆ?”

“ಅದೂ ನಂದೇ. ಯಾಕೆ, ಸ್ಟಾಕ್ ಇಲ್ವಾ?”

“ಡಾಕ್ಟರಿಗೆ ಹೇಳಿದ್ದೀರಾ ಇದನ್ನ ತಗೊಳ್ತೀನಿ ಅಂತ?”

“ಅದನ್ನೇನು ಹೇಳೋದು? ಹಳದಿ ಅದು.” ಹೇಳಿದ ಮೇಲೆ ಆ ಉತ್ತರ ಅವಳ ಕಿವಿಗೇ ವಿಚಿತ್ರವಾಗಿ ಕೇಳಿಸಿತು.

ಅಂಗಡಿಯಾಕೆ ಸ್ಟೂಲು ಎಳೆದು ಅವಳನ್ನು ಕೂರಿಸಿದಳು. “ನೋಡಿ ಅಕ್ಕ, ಇದು ನೋವಿನ ಮಾತ್ರೆ. ಈ ಜಾತಿಯ ನೋವಿನ ಮಾತ್ರೆ ಮೈಯಲ್ಲಿ ಉಪ್ಪನ್ನೂ ನೀರನ್ನೂ ಹಿಡಿದಿಟ್ಟುಕೊಳ್ಳುತ್ತೆ. ನಿಮ್ಮ ಬಿಪಿ ಮಾತ್ರೆ ಇಳಿಸಕ್ಕೆ ನೋಡುತ್ತೆ, ಇದು ಅದರ ಕೈಕಟ್ಟುತ್ತೆ. ಎಷ್ಟು ದಿನದಿಂದ ತಗೊಳ್ತಿದ್ದೀರಾ?”

“ದಿನಾ ಅಂದ್ರೆ... ಆರು ತಿಂಗಳು.”

“ಬಿಪಿ ಏರಿದ್ದು?”

ಬ್ರೇಕಕ್ಕ ಬೆರಳು ಮಡಿಸಿ ತಿಂಗಳು ಎಣಿಸಿದಳು. ಅದೂ ಆರೇ.

“ಬರೀ ಬಿಪಿ ಅಲ್ಲ,” ಅಂಗಡಿಯಾಕೆ ಬಿಡಲಿಲ್ಲ. “ಈ ಬಿಪಿ ಮಾತ್ರೆ, ನೀರಿನ ಮಾತ್ರೆ, ನೋವಿನ ಮಾತ್ರೆ, ಮೂರೂ ಒಟ್ಟಿಗೆ ಹೋದ್ರೆ ಕಿಡ್ನಿಗೆ ಪೆಟ್ಟು ಬೀಳುತ್ತೆ. ನೀರಾದ್ರೂ ಚೆನ್ನಾಗಿ ಕುಡೀತೀರಾ?”

“ಕುಡಿಯಲ್ಲ.”

“ಇವತ್ತೇ ಡಾಕ್ಟರಿಗೆ ಫೋನ್ ಮಾಡಿ. ಮೂಗು ಕಟ್ಟಿದ್ರೆ ತಗೊಳ್ಳೋ ಶೀತದ ಮಾತ್ರೆಯನ್ನೂ ಕೇಳದೆ ತಗೋಬೇಡಿ, ಅದೂ ಬಿಪಿ ಏರಿಸುತ್ತೆ. ಮನೇಲಿ ಬಿಪಿಯವರ ಉಪ್ಪು ಅಂತ ಬರುತ್ತಲ್ಲ, ಅದೇನಾದ್ರೂ ಬಳಸ್ತೀರಾ? ನಿಮ್ಮ ಈ ಮಾತ್ರೆಗೆ ಅದೂ ಆಗಿಬರಲ್ಲ. ಅದರಲ್ಲಿ ಪೊಟ್ಯಾಸಿಯಂ ಇರುತ್ತೆ, ಹೃದಯಕ್ಕೆ ತೊಂದರೆ.”

ಬ್ರೇಕಕ್ಕ ಧಡಧಡ ಮನೆಗೆ ಬಂದಳು. ಗಂಡ ಎರಡು ದಿನದ ಹಿಂದಷ್ಟೇ, ಹೆಂಡತಿಯ ನಾಲಿಗೆ ಸತ್ತುಹೋಗಿದೆ ಎಂದು ಮರುಗಿ, ನಾಲ್ಕು ಅಂಗಡಿ ಸುತ್ತಿ ಅಂಥದ್ದೇ ಒಂದು ಉಪ್ಪಿನ ಪೊಟ್ಟಣ ತಂದು ಹೆಮ್ಮೆಯಿಂದ ಅಡುಗೆ ಮನೆಯಲ್ಲಿಟ್ಟಿದ್ದ. ಅವಳು ಅದನ್ನು ಎತ್ತಿ ಕಸದ ಬುಟ್ಟಿಗೆ ಹಾಕಿದಳು. ಹೊಲಿಗೆ ಯಂತ್ರದ ಸದ್ದು ನಿಂತಿತು.

“ಅದೂ ತಪ್ಪಾ?” ಎಂದ ಅವನು.

“ಎಲ್ಲಾ ತಪ್ಪು ರೀ. ಒಳ್ಳೇದಾಗ್ಲಿ ಅಂತ ಮಾಡಿದ್ದೆಲ್ಲಾ ತಪ್ಪು.”

ಅವನು ಟೇಪನ್ನು ಕೊರಳಿನಿಂದ ತೆಗೆದು ಮಡಿಸಿದ, ಬಿಚ್ಚಿದ, ಮತ್ತೆ ಕೊರಳಿಗೆ ಹಾಕಿಕೊಂಡ. ಅವಳಿಗೆ ಪಾಪ ಅನ್ನಿಸಿತು.

ಡಾಕ್ಟರು ಫೋನಿನಲ್ಲಿ ದಿನಕ್ಕೆಷ್ಟು, ಯಾವಾಗಿನಿಂದ ಎಂದು ಕೇಳಿದರು. ಆಮೇಲೆ ಹಳದಿ ಬಂದ್ ಎಂದರು, ನೀರಿನ ಮಾತ್ರೆಯೂ ಬಂದ್ ಎಂದರು, ನೀರು ಕುಡಿಯಿರಿ ಎಂದರು, ನೋವಿಗೆ ಜ್ವರದ ಮಾತ್ರೆಯನ್ನೇ ಅಳತೆ ಮೀರದೆ ತಗೊಳ್ಳಿ ಎಂದರು. ಹೇಗೂ ಕಂಪನಿಯವರು ರಕ್ತ ತೆಗೆಯುತ್ತಾರಲ್ಲ, ಆ ವರದಿಯನ್ನು ತನಗೂ ತಂದು ತೋರಿಸಬೇಕು ಎಂದರು. “ನಾನು ಕೇಳಿದ್ದೆನಲ್ಲಮ್ಮ, ಬೇರೆ ಔಷಧಿ ಇದೆಯಾ ಅಂತ,” ಎಂದು ಕೊನೆಗೊಂದು ಮಾತು ಸೇರಿಸಿದರು. ಹೌದು, ಕೇಳಿದ್ದರು. ಅವಳೂ ನಿಜವನ್ನೇ ಹೇಳಿದ್ದಳು.

ಉಳಿದ ದಿನಗಳನ್ನು ಅವಳು ಹೇಗೆ ಕಳೆದಳೋ ಅವಳಿಗೇ ಗೊತ್ತು. ಜ್ವರದ ಮಾತ್ರೆಗೆ ಅವಳ ಬೆನ್ನು ಕ್ಯಾರೇ ಅನ್ನಲಿಲ್ಲ. ಬೆಳಗ್ಗೆ ಸೀಟಿಗೆ ಹತ್ತುವಾಗ ಬಾಗಿಲ ಕಂಬಿ ಹಿಡಿದು ಮೂರು ಸಲ ಉಸಿರು ಎಳೆದುಕೊಳ್ಳುತ್ತಿದ್ದಳು. ತಿರುವಿನಲ್ಲಿ ಚಕ್ರ ತಿರುಗಿಸಿದರೆ ಸೊಂಟದಿಂದ ಹಿಮ್ಮಡಿಯವರೆಗೆ ಮಿಂಚು. ಮನೆಗೆ ಬಂದು ನೆಲದ ಮೇಲೆ ಅಂಗಾತ ಮಲಗಿ ಸೂರು ನೋಡುತ್ತಿದ್ದಳು. ಗಂಡ ಬಿಸಿನೀರಿನ ಚೀಲ ತಂದಿಟ್ಟರೆ ಬೈಸಿಕೊಳ್ಳುತ್ತಿದ್ದ, ತಂದಿಡದಿದ್ದರೂ ಬೈಸಿಕೊಳ್ಳುತ್ತಿದ್ದ. ಕಿಟಕಿಯಲ್ಲಿ ಮಾಮ ಹಳದಿ ಚಾಚಿದರೆ “ಇವತ್ತು ಬೇಡ ಮಾಮ” ಎಂದು ಕೀಲಿ ಮಾತ್ರ ತಗೊಳ್ಳುತ್ತಿದ್ದಳು. ಯಾಕೆಂದು ಹೇಳಬೇಕಾದರೆ ಬಿಪಿಯ ವಿಷಯ ಹೇಳಬೇಕಾಗುತ್ತಿತ್ತು. ಹೇಳಲಿಲ್ಲ.

ಪರೀಕ್ಷೆಯ ದಿನ ಕಂಪನಿಯ ಡಾಕ್ಟರು ಯಂತ್ರ ನೋಡಿ, “ನೂರ ಮೂವತ್ತೆರಡು, ಎಂಬತ್ನಾಲ್ಕು. ಚೆನ್ನಾಗಿದೆ,” ಎಂದರು. ಬ್ರೇಕಕ್ಕನಿಗೆ ಆ ಮನುಷ್ಯನ ಕಾಲಿಗೆ ಬೀಳಬೇಕು ಅನ್ನಿಸಿತು. ಕಣ್ಣು ನೋಡಿದರು, ಕಿವಿ ನೋಡಿದರು, ತೋಳಿನಿಂದ ಒಂದು ಸಿರಿಂಜು ರಕ್ತ ತೆಗೆದರು. ಅವಳು ಹೊರಗೆ ಬಂದು ಗಂಡನಿಗೆ ಫೋನು ಮಾಡಿ, “ಗೆದ್ದೆ ರೀ,” ಎಂದಳು. ಆರು ತಿಂಗಳಲ್ಲಿ ಮೊದಲ ಸಲ ಅವಳು ಅವನಿಗೆ ಒಂದು ಒಳ್ಳೆಯ ಮಾತು ಹೇಳಿದಳು.

ಮೂರನೆಯ ದಿನ ಟ್ರಿಪ್ಪಿನ ನಡುವೆ ಕರೆ ಬಂತು. ಕಂಪನಿಯ ಡಾಕ್ಟರು ರಕ್ತದ ವರದಿಯನ್ನು ಅವಳ ಕಡೆ ತಿರುಗಿಸಿ ಒಂದು ಸಾಲಿನ ಕೆಳಗೆ ಪೆನ್ನಿನಿಂದ ಗೆರೆ ಎಳೆದರು. ಕಿಡ್ನಿ ಅರ್ಧ ಕೆಲಸ ನಿಲ್ಲಿಸಿದೆ ಎಂದರು. ನೋವಿನ ಮಾತ್ರೆ ತಗೊಳ್ಳುತ್ತಿದ್ದಿರಾ ಎಂದರು. ಈ ಸಲ ಅವಳು ಎಲ್ಲವನ್ನೂ ಹೇಳಿದಳು, ಬಿಪಿಯದ್ದೂ ಹಳದಿಯದ್ದೂ.

“ನಿಲ್ಲಿಸಿದ್ದಕ್ಕೇ ಇಷ್ಟರಲ್ಲಿದೆ. ಹಾಗೇ ಮುಂದುವರಿಸಿದ್ರೆ ಏನಾಗ್ತಿತ್ತೋ. ಸುಧಾರಿಸಬಹುದು, ಎರಡು ತಿಂಗಳು ನೋಡೋಣ. ಅಲ್ಲೀವರೆಗೆ ಗಾಡಿ ಹತ್ತೋ ಹಾಗಿಲ್ಲ. ಆಮೇಲೂ ಆ ಮಾತ್ರೆ ಮುಟ್ಟಿದ್ರೆ ನನ್ನ ಹತ್ತಿರ ಬರಲೇಬೇಡಿ.”

“ಎರಡು ತಿಂಗಳ ಮೇಲೆ ಗಾಡಿ ಕೊಡ್ತೀರಾ?”

“ವರದಿ ಸರಿ ಬಂದ್ರೆ ಕೊಡ್ತೀವಿ.”

ಬ್ರೇಕಕ್ಕ ನೇರ ಡಿಪೋಗೆ ಬಂದಳು. ಮಧ್ಯಾಹ್ನದ ಹೊತ್ತು, ಅಂಗಳದಲ್ಲಿ ಗಾಡಿಗಳಿರಲಿಲ್ಲ. ಸ್ಟೋರಿನ ಒಳಗೆ ಡಬ್ಬಿ ಮಾಮ ಹಳೆಯ ಬೆಲ್ಟುಗಳನ್ನು ಮೊಳೆಗೆ ನೇತುಹಾಕುತ್ತಿದ್ದರು. ಅವಳು ವರದಿಯನ್ನು ಅವರ ಮೇಜಿನ ಮೇಲೆ ಬಡಿದಳು.

“ಏನು ಮಾತ್ರೆ ಅಂತ ಗೊತ್ತಿದ್ದು ಹಂಚ್ತಿದ್ರಾ ಮಾಮ? ನನ್ನ ಕಿಡ್ನಿ ಹೋಯ್ತು. ಗಾಡಿ ಹೋಯ್ತು. ನೀವೇನು ಡಾಕ್ಟರಾ? ಕೇಳಿದವರಿಗೆಲ್ಲ ಕಡ್ಲೆ ಹಂಚಿದಂಗೆ ಹಂಚ್ತೀರಲ್ಲ, ಒಬ್ಬರನ್ನಾದ್ರೂ ನಿಮಗೇನು ಕಾಯಿಲೆ ಅಂತ ಕೇಳಿದ್ದೀರಾ?” ಇನ್ನೂ ಏನೇನೋ ಅಂದಳು. ಆರು ತಿಂಗಳಲ್ಲಿ ಯಂತ್ರಕ್ಕೆ, ಡಾಕ್ಟರಿಗೆ, ಗಂಡನಿಗೆ, ಬೀಗ ಹಾಕಿದ ಶೌಚಾಲಯಕ್ಕೆ ಅನ್ನಬೇಕಾದದ್ದನ್ನೆಲ್ಲ ಆ ಮುದುಕರ ತಲೆಯ ಮೇಲೆ ಸುರಿದಳು.

ಮಾಮ ಬೆಲ್ಟು ಕೈಯಲ್ಲೇ ಹಿಡಿದು ಪೂರ್ತಿ ಕೇಳಿಸಿಕೊಂಡರು. “ನಿನಗೆ ಬಿಪಿ ಇದೆ ಅಂತ ನನಗೆ ಯಾವತ್ತು ಹೇಳಿದ್ದೆ ತಾಯಿ?” ಎಂದರು ಮೆಲ್ಲಗೆ.

“ಹೇಳಿದ್ರೆ ಗಾಡಿ ಕಿತ್ಕೋತಾರಲ್ಲ.”

“ಅದೇ ಮತ್ತೆ. ಯಾರು ಹೇಳ್ತಾರೆ? ಈ ಕಿಟಕಿಗೆ ಬರೋರಲ್ಲಿ ಇನ್ನೂ ಎಷ್ಟು ಜನಕ್ಕಿದೆಯೋ, ನನಗೆ ಹೇಗೆ ಗೊತ್ತಾಗಬೇಕು?” ಬೆಲ್ಟನ್ನು ಮೊಳೆಗೆ ಹಾಕಲು ಹೋಗಿ, ಹಾಕದೆ, ಮೇಜಿನ ಮೇಲಿಟ್ಟರು. “ನಿನ್ನ ಗಾಡಿ ಸೀಟು ಬದಲಾಯಿಸಿ ಅಂತ ಏಳು ಸಲ ಅರ್ಜಿ ಬರೆದೆ. ಉಳಿದವರದ್ದೂ ಸೇರಿಸಿ ಲೆಕ್ಕವಿಲ್ಲ. ಮೇಲಿಂದ ಒಂದು ಸೀಟೂ ಬರಲಿಲ್ಲ. ಪ್ರಥಮ ಚಿಕಿತ್ಸೆ ಪೆಟ್ಟಿಗೆಗೆ ಅಂತ ಹಳದಿ ಮಾತ್ರ ಕೇಳಿದಷ್ಟು ಬರುತ್ತೆ, ಮಾರನೇ ದಿನವೇ ಬರುತ್ತೆ. ನನ್ನ ಕೈಲಿ ಇದ್ದಿದ್ದು ಅದೊಂದೇ. ಅದನ್ನ ಕೊಟ್ಟೆ.”

ಏಳು ಅರ್ಜಿಯ ಸಂಗತಿ ಅವಳಿಗೆ ಗೊತ್ತೇ ಇರಲಿಲ್ಲ. ಅವಳ ಬೆನ್ನಿಗಾಗಿ ಈ ಕಂಪನಿಯಲ್ಲಿ ಏನಾದರೂ ಮಾಡಿದ್ದವರು ಇವರೊಬ್ಬರೇ, ಇವರ ಮೇಲೇ ಹೀಗೆ ಕೂಗಾಡಿದ್ದಳು.

ಮಾಮ ವರದಿಯ ಮೇಲೆ ಬೆರಳಿಟ್ಟು ಗೆರೆ ಎಳೆದ ಸಾಲನ್ನು ಓದಲು ನೋಡಿದರು. ಅರ್ಥವಾಗಲಿಲ್ಲವೆಂದು ಕಾಣುತ್ತದೆ, ಕಾಗದವನ್ನು ನಾಲ್ಕಾಗಿ ಮಡಿಸಿ ಅವಳ ಕೈಗೆ ಕೊಟ್ಟರು. ಡಬ್ಬಿಯನ್ನು ತೆಗೆದು ಕಪಾಟಿನ ಒಳಗಿಟ್ಟು ಬೀಗ ಹಾಕಿದರು. “ನಾಳೆಯಿಂದ ಕೊಡಲ್ಲ, ಆಯ್ತಾ? ಆದ್ರೆ ಬೆಳಗ್ಗೆ ಐದೂವರೆಗೆ ಹದಿನೆಂಟು ಜನ ಬಂದು ಕೈ ಚಾಚ್ತಾರೆ. ಅವರು ಎಂಟು ಗಂಟೆ ಆ ಸೀಟಲ್ಲಿ ಕೂರಬೇಕು. ಅವರಿಗೆ ನಾನು ಏನು ಕೊಡ್ಲಿ? ನೀನೇ ಹೇಳು.”

ಅವಳು ಯೋಚಿಸಿದಳು. ವರದಿ ಸರಿ ಬಂದರೆ ಎರಡು ತಿಂಗಳಿಗೆ ತಾನೂ ಆ ಸಾಲಿನಲ್ಲೇ ಬಂದು ನಿಲ್ಲುವವಳು. ಅದೇ ಗಾಡಿ, ಅದೇ ಸೀಟು, ಹಳದಿ ಇಲ್ಲ. ಮತ್ತೆ ಚಕ್ರ ಹಿಡಿಯಬೇಕೆಂದು ಇಷ್ಟೆಲ್ಲ ಒದ್ದಾಡಿದವಳಿಗೆ, ಹಿಡಿದು ಓಡಿಸುವುದು ಹೇಗೆ ಎಂಬುದೇ ಹೊಳೆಯಲಿಲ್ಲ.

“ನಿಂತೇ ಇದ್ದೀಯಲ್ಲ, ಕೂತ್ಕೋ ತಾಯಿ,” ಎಂದು ಮಾಮ ತಮ್ಮ ಕುರ್ಚಿಯನ್ನು ಅವಳ ಕಡೆ ಸರಿಸಿದರು.

ಬ್ರೇಕಕ್ಕ ಮೇಜಿನ ಅಂಚು ಹಿಡಿದುಕೊಂಡಳು. ಹತ್ತೊಂಬತ್ತು ವರ್ಷದಲ್ಲಿ ಡಿಪೋದ ಒಬ್ಬರ ಮುಂದೆಯೂ ಆಡದ ಮಾತನ್ನು ಆಡಿದಳು.

“ಕೂರಕ್ಕಾಗ್ತಿಲ್ಲ ಮಾಮ.”